ಬೆಟ್ಟದಾಚೆಯ ತಂಗಿ

"ಗುರುಗಳೇ, ಬೆಟ್ಟದಾಚೆಯ ಮಠದಲ್ಲಿ ನನ್ನ ಜೊತೆ ಓದಿದ ಗೆಳೆಯನಿದ್ದಾನೆ. ಅವನನ್ನು ನೋಡುವ ಹಂಬಲ ಬಿಡದು. ಆದರೆ ಕೋಲೂರಿಕೊಂಡು ಅವನೆದುರು ನಿಲ್ಲಲು ಮನಸ್ಸಾಗದು. ಮಂಡಿನೋವು ಇಳಿಯುವವರೆಗೆ ಕಾಯಲೇ?" ಎಂದು ವಯಸ್ಸಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳ ತಂಗಿಯನ್ನು ಬೆಟ್ಟದಾಚೆಯ ಊರಿಗೆ ಕೊಟ್ಟಿತ್ತು. ಪ್ರತಿ ವರ್ಷ ಯುಗಾದಿಯ ಮರುದಿನ ಅಕ್ಕ ಈಚೆಯಿಂದ ಹತ್ತುವಳು, ತಂಗಿ ಆಚೆಯಿಂದ. ಬೆಟ್ಟದ ತುದಿಯಲ್ಲಿ ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವ ಮೊದಲು ತಂತಮ್ಮ ಊರಿಗೆ ಇಳಿಯುವರು.

ಅಕ್ಕನಿಗೆ ವಯಸ್ಸಾಯಿತು. ಮಂಡಿ ಸೋತಿತು. ಕೋಲಿಲ್ಲದೆ ಹತ್ತಲಾಗದು. 'ಚಿಕ್ಕಂದಿನಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಹತ್ತಿದವಳು ನಾನು. ಈಗ ಅವಳ ಮುಂದೆ ಕೋಲೂರಿ ನಿಲ್ಲಲೇ?' ಎಂದುಕೊಂಡಳು. "ಈ ಸಲ ಮಡಕೆ ಸುಡುವ ಕೆಲಸವಿದೆ, ಬರುವ ವರ್ಷ ಬರುತ್ತೇನೆ" ಎಂದು ಹಾದಿಹೋಕರ ಕೈಲಿ ಹೇಳಿ ಕಳಿಸಿದಳು. ಆರು ವರ್ಷ ಹಾಗೆಯೇ ಹೇಳಿ ಕಳಿಸಿದಳು. ಹಬ್ಬದ ದಿನ ತಂಗಿಯ ಪಾಲಿನ ಹೋಳಿಗೆ ತೆಗೆದಿಟ್ಟು, ಬೆಟ್ಟದ ಕಡೆ ಮುಖ ಮಾಡಿ ಕುಳಿತಿರುವಳು.

ಏಳನೆಯ ವರ್ಷ ತಡೆಯಲಾಗಲಿಲ್ಲ. ಒಂದು ಕೋಲು ಹಿಡಿದು ಹೊರಟಳು. ಅರ್ಧ ದಾರಿಯಲ್ಲಿ ಕುಸಿದು ಕುಳಿತಳು. ಕುರಿ ಕಾಯುವವನೊಬ್ಬ ಕಂಡು, ಪೊದೆಯಿಂದ ಇನ್ನೊಂದು ಕೋಲು ಕಡಿದುಕೊಟ್ಟ.

"ಒಂದನ್ನೇ ಊರಿದರೆ ಮೈಯೆಲ್ಲ ಒಂದೇ ಕಡೆ ವಾಲುತ್ತದೆ, ಅವ್ವಾ. ಎರಡು ಕೈಗೂ ಇರಲಿ. ಇಳಿಯುವಾಗ ಮೊದಲು ಕೋಲು, ಆಮೇಲೆ ಕಾಲು" ಎಂದ.

ತುದಿಯಲ್ಲಿ ತಂಗಿ ಇರಲಿಲ್ಲ. ಮಧ್ಯಾಹ್ನದವರೆಗೆ ಕಾದಳು. ಬಂದದ್ದಾಗಿದೆ, ನೋಡದೆ ತಿರುಗಲಾರೆ ಎಂದು ಆಚೆಯ ಇಳಿಜಾರಿಗೆ ಕೋಲು ಊರಿದಳು. ಒಂದೊಂದೇ ಹೆಜ್ಜೆ ಇಳಿದು ಊರು ಮುಟ್ಟಿದಳು.

ತಂಗಿ ಅಂಗಳದಲ್ಲಿ ಕುಳಿತಿದ್ದಳು. ಅಕ್ಕನ ದನಿ ಕೇಳಿ ಎದ್ದು, ಗಾಳಿಯಲ್ಲಿ ಕೈಯಾಡಿಸಿದಳು.

"ನೀನು ಬರುವುದಿಲ್ಲವೆಂದು ಗೊತ್ತಿದ್ದೂ ವರ್ಷ ವರ್ಷ ಹತ್ತಿ ಕಾದೆ, ಅಕ್ಕ. ಹೋದ ಮಳೆಗಾಲದಲ್ಲಿ ಕಣ್ಣು ಹೋಯಿತು" ಎಂದಳು.

ಅಕ್ಕ ಹತ್ತಿರ ಹೋಗಿ ಮುಖವೊಡ್ಡಿದಳು. ತಂಗಿಯ ಬೆರಳುಗಳು ಅವಳ ಹಣೆ, ಕೆನ್ನೆ, ಗಲ್ಲಗಳ ಮೇಲೆ ಬಹಳ ಹೊತ್ತು ಓಡಾಡಿದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅಕ್ಕ ಕೋಲು ಹಿಡಿದದ್ದಕ್ಕೆ ತಂಗಿ ಏನೆಂದಳು?"

ಗುರುಗಳೆಂದರು: "ಆರು ವರ್ಷ ಯಾವ ಕಣ್ಣಿಗೆ ಬೀಳಬಾರದೆಂದು ಅಂಜಿದ್ದಳೋ, ಆ ಕಣ್ಣಿಗೆ ಕೋಲು ಕಾಣಲೇ ಇಲ್ಲ."