ಹಂಪಮ್ಮನವರು ಇದ್ದಾರೆ

ಪೂಜ್ಯ ಮಾತೆ ಸಬೀನಾ ಅವರು ಸಂತ ದೊಮಿನಿಕರ ಸಭೆಗೆ ಸೇರಿದ ಕ್ರೈಸ್ತ ಧರ್ಮಭಗಿನಿ. ಪ್ರಾರ್ಥನೆಯಲ್ಲಿ ಕಂಡುಕೊಂಡ ಸತ್ಯವನ್ನು ಜನರಿಗೆ ಸಾರುವುದೇ ಆ ಸಭೆಯವರ ವ್ರತ. ಆದರೆ ಮಾತೆಯವರು ನಿಂತು ಉಪದೇಶ ಮಾಡಿದ್ದನ್ನು ಕಂಡವರಿಲ್ಲ. ರಾಯಚೂರು ಸೀಮೆಯ ಒಂದು ಬೋಳುಗುಡ್ಡದ ಬುಡದಲ್ಲಿ, ಕುಷ್ಠರೋಗದಿಂದ ಮನೆಮಠ ಕಳೆದುಕೊಂಡ ಹೆಂಗಸರಿಗೆ ಆಸರೆಯಾಗಿ, ಇನ್ನಿಬ್ಬರು ಭಗಿನಿಯರೊಡನೆ ಅವರು ಬಾಳುತ್ತಿದ್ದರು. ಬೆಳಗಿನ ಪ್ರಾರ್ಥನೆ ಮುಗಿಸಿ, ಬಿಳಿ ನಿಲುವಂಗಿಯ ತೋಳು ಮಡಚಿ ಗಾಯ ತೊಳೆಯಲು ಕುಳಿತರೆ ಏಳುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಮರಗುಂಡಪ್ಪ ಗೌಡರು ಅಲ್ಲಿಗೆ ಬಂದರು. ಅವರ ಊರು ದೂರ. ಗುಡ್ಡದ ಪಕ್ಕದಲ್ಲಿ ಒಂದು ತೋಟವಿತ್ತು. ಮಗಳು ಇನ್ನೂ ಎಳೆಕೂಸಾಗಿದ್ದಾಗ ಪತ್ನಿ ಹಂಪಮ್ಮನವರಿಗೆ ಆ ರೋಗ ತಗಲಿತ್ತು. ಗೌಡರು ಅವರನ್ನು ಮಾತೆಯವರ ಬಳಿ ಬಿಟ್ಟು, ಜ್ವರ ಬಂದು ಸತ್ತಳೆಂದು ಊರಿಗೆಲ್ಲ ಹೇಳಿದ್ದರು. ಆಮೇಲೆ ತೋಟದ ಬಾವಿಯಿಂದ ಭಗಿನಿಯರಿಗೆ ನೀರು ಬಿಡಿಸಿದ್ದರೇ ಹೊರತು ಹೆಂಡತಿಯ ಮುಖ ನೋಡಲು ಬಂದಿರಲಿಲ್ಲ. ಔಷಧಿಯಿಂದ ಹಂಪಮ್ಮನವರ ರೋಗ ವಾಸಿಯಾಗಿತ್ತು. ಹೋದ ಬೆರಳುಗಳು ಹೋಗಿದ್ದವು. ಪಾದದ ಹುಣ್ಣು ಮಾತ್ರ ಮಾಯದೆ ಉಳಿದಿತ್ತು.

"ಅಮ್ಮಾರ, ನಾಳೆ ನನ್ನ ಮಗಳು ದಾಕ್ಷಾಯಣಿ ಇಲ್ಲಿಗೆ ಬರತಾಳ," ಎಂದರು ಗೌಡರು. "ಅವ್ವ ಇಲ್ಲಿ ಅದಾಳ ಅಂತ ಯಾರೋ ಆಕಿ ಕಿವಿಗೆ ಹಾಕ್ಯಾರ. ತುಂಬಿದ ಬಸುರಿ. ಅತ್ತಿಮನಿಯವರಿಗೆ ತಿಳಿದ್ರ ಆಕಿ ಬಾಳು ಹಾಳಾಗತದ. ಹಂಪಮ್ಮ ಎಂದೋ ತೀರಿಕೊಂಡಳು ಅಂತ ನೀವೊಂದು ಮಾತು ಹೇಳ್ರಿ. ನೀವು ಹೇಳಿದ್ರ ನಂಬತಾಳ."

ಮಾತೆಯವರು ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಗೌಡರೆ, ಹಂಪಮ್ಮನವರು ಈಗತಾನೆ ಗಂಜಿ ಕುಡಿದು ಮಲಗಿದ್ದಾರೆ. ತೀರಿಕೊಂಡರೆಂದು ನಾನು ಹೇಗೆ ಹೇಳಲಿ?"

"ಒಂದು ಸುಳ್ಳಿನಿಂದ ಒಂದು ಮನಿ ಉಳೀತದ ಅಂದ್ರ ನಿಮ್ಮ ದೇವರು ಬ್ಯಾಡ ಅಂತಾನೇನು?" ಗೌಡರ ದನಿ ಏರಿತು. "ಆಗೂದಿಲ್ಲ ಅಂದ್ರ ತೋಟದ ನೀರು ಇವತ್ತಿಗೇ ನಿಂತಂಗ."

"ನೀರು ನಿಮ್ಮದು, ನಿಲ್ಲಿಸಬಹುದು. ಸತ್ಯ ನನ್ನದಲ್ಲ. ಅದನ್ನು ನಾನು ತಡೆಯಲಾರೆ."

ಅಷ್ಟರಲ್ಲಿ ಒಳಗಿನಿಂದ ಹಂಪಮ್ಮನವರ ದನಿ ಕೇಳಿತು. "ಅಮ್ಮಾ, ಅವರ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಾ ಇಲ್ಲ ಅಂತನ ಹೇಳಿಬಿಡ್ರಿ. ಮಗಳು ಚಂದಾಗಿರಲಿ."

ಮಾತೆಯವರು ಹೊಸ್ತಿಲ ಬಳಿ ಹೋಗಿ ನಿಂತರು. "ಮಗಳನ್ನು ನೋಡಲು ಒಲ್ಲೆ ಎಂದರೆ ಹಾಗೆಂದೇ ಹೇಳುತ್ತೇನೆ, ತಾಯಿ. ಇಲ್ಲವೆಂದು ಮಾತ್ರ ಹೇಳಲಾರೆ. ನೋಡಬೇಕೆಂಬ ಆಸೆ ಇದೆಯೆ?"

ಹಂಪಮ್ಮನವರು ಬಾಯಿಗೆ ಸೆರಗು ಒತ್ತಿಕೊಂಡು ಅಳುವ ಸದ್ದು ಹೊರಗಿನವರೆಗೂ ಬಂತು. ಗೌಡರು ತಲೆ ತಗ್ಗಿಸಿ ಹೊರಟುಹೋದರು. ಆದರೂ ಸಂಜೆಗೆ ನೀರು ನಿಂತಿತು.

ಮರುದಿನ ಮಗಳನ್ನು ದಾರಿಯಲ್ಲೇ ತಡೆಯಬೇಕೆಂದು ಗೌಡರು ಮುಂಚಿತವಾಗಿ ಬಂದು ಬೇವಿನ ಮರದಡಿ ಕಾದರು. ಒಣಗಿದ ಹಳ್ಳದಲ್ಲಿ ಮರಳು ಬಗೆದು, ಒಸರಿದ ನೀರನ್ನು ಬೊಗಸೆಯಿಂದ ತುಂಬಿಸಿಕೊಂಡು, ಮಾತೆಯವರು ಕೊಡ ಹೊತ್ತು ಏರು ಹತ್ತಿ ಬರುತ್ತಿದ್ದರು. ವಯಸ್ಸಾದ ಜೀವ, ನಡುವೆ ಕುಳಿತು ಸುಧಾರಿಸಿಕೊಂಡು ಮತ್ತೆ ಎದ್ದರು. ಬಂದವರೇ ಹಂಪಮ್ಮನವರ ಪಾದ ತೊಳೆದು ಬಟ್ಟೆ ಕಟ್ಟಿದರು. ಬಳಿಕ ಅದೇ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಗೌಡರ ಮುಂದೆ ಹಿಡಿದರು.

"ಬಿಸಿಲು ಬಹಳ ಇದೆ. ಕುಡಿಯಿರಿ."

ಆ ಮಾತಿನಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಗೌಡರು ಲೋಟ ಹಿಡಿದುಕೊಂಡರು. ಕುಡಿಯದೆ, ಕೊಡದಲ್ಲಿ ಉಳಿದ ನೀರನ್ನೇ ನೋಡಿದರು.

ಬಾಡಿಗೆ ಜೀಪು ಬಂದು ನಿಂತಿತು. ದಾಕ್ಷಾಯಣಿ ತಂದೆಯನ್ನು ಕಂಡು ಬೆಚ್ಚಿದಳು. ಆದರೂ ನೇರವಾಗಿ ಮಾತೆಯವರ ಬಳಿಗೇ ಹೋಗಿ, "ನಮ್ಮವ್ವ ಅದಾಳೇನ್ರಿ?" ಎಂದು ಕೇಳಿದಳು.

ಮಾತೆಯವರು ಬಾಯಿ ತೆರೆಯುವ ಮೊದಲೇ ಗೌಡರು ಮುಂದೆ ಬಂದರು. "ಅದಾಳವ್ವ. ಒಳಗ ಅದಾಳ. ಸತ್ತಾಳ ಅಂತ ನಿನಗ ಹೇಳಿದಾಂವ ನಾನು."

ಮಗಳು ಬಂದುದನ್ನು ಕಂಡು ಹಂಪಮ್ಮನವರು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. ದಾಕ್ಷಾಯಣಿ ನೆಲಕ್ಕೆ ಕುಳಿತು ಆ ಮೋಟು ಕೈಗಳನ್ನು ಮೆಲ್ಲಗೆ ಹೊರತೆಗೆದಳು. ತನ್ನ ತುಂಬಿದ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮಾತೆಯವರು ಬಾಗಿಲಾಚೆಯೇ ನಿಂತು ಜಪಮಾಲೆ ಹಿಡಿದು ಕಣ್ಣು ಮುಚ್ಚಿದರು.

ಗೌಡರು ತೋಟದ ನೀರನ್ನು ಮತ್ತೆ ಬಿಡಿಸಿ, ತಾವೇ ಬೀಗರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಬೀಗರು ಕೆಲಕಾಲ ಮುಖ ತಿರುಗಿಸಿಕೊಂಡಿದ್ದು, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ಬಂದರು. ಹಂಪಮ್ಮನವರು ಊರಿಗೆ ಮರಳಿ ತಮ್ಮ ಮನೆಯಲ್ಲೇ ಬಾಳಿ, ಅಲ್ಲೇ ಕಣ್ಣು ಮುಚ್ಚಿದರು. ಅವರ ಪಾದಕ್ಕೆ ಬಟ್ಟೆ ಕಟ್ಟುವ ಕೆಲಸವನ್ನು ಗೌಡರು ಕೊನೆಯವರೆಗೂ ಬೇರೆಯವರಿಗೆ ಬಿಡಲಿಲ್ಲ.

ಮಾತೆಯವರು ಅಂದು ಏನು ಪವಾಡ ಮಾಡಿದರೆಂದು ಜನ ಕೇಳುತ್ತಿದ್ದರು. ವಿಭೂತಿ ಧರಿಸಿದ ವೃದ್ಧ ಗೌಡರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು:

"ಏನೂ ಮಾಡಲಿಲ್ಲಪ್ಪ. ಸುಳ್ಳು ಹೇಳ್ರಿ ಅಂದೆ. ಅವರು ಹೇಳಲಿಲ್ಲ."