ಎಡಕ್ಕೇ ಹಾರುವ ಕಪ್ಪೆಗಳು

ಮಕ್ಕಳೇ, ಸುತ್ತ ಬೇಲಿ, ಬಾಗಿಲಲ್ಲಿ ಕಾವಲುಗಾರ ಇರುವ ಒಂದು ಕಾಡು. ಬೇಟೆಗಾರರು ಅತ್ತ ಸುಳಿಯುವಂತಿರಲಿಲ್ಲ. ಆ ಕಾಡಿನ ಕೊಳಕ್ಕೆ ವಟಪ್ಪ ಎಂಬ ಕಪ್ಪೆ ಯಜಮಾನ. ಅವನಿಗೆ ತನ್ನ ಕುಲದ ಮೇಲೆ ಎಲ್ಲಿಲ್ಲದ ಜಂಬ. ಏಕೆ ಗೊತ್ತೇ? ಬೆದರಿದಾಗ ಅವನಜ್ಜ ಎಡಕ್ಕೆ ಹಾರುತ್ತಿದ್ದ, ಅಪ್ಪನೂ ಎಡಕ್ಕೆ, ತಾನೂ ಎಡಕ್ಕೇ!

ಕೊಳದಲ್ಲಿ ಯಾರ ಮದುವೆಯಾದರೂ ವರಪರೀಕ್ಷೆ ಅವನದೇ. ಗಂಡನ್ನು ಕಲ್ಲಿನ ಮೇಲೆ ಕೂರಿಸಿ, ಹಿಂದಿನಿಂದ "ಹೋ!" ಎನ್ನುತ್ತಿದ್ದ. ಎಡಕ್ಕೆ ಹಾರಿದರೆ ಸಂಬಂಧ ಗಟ್ಟಿ. ಬಲಕ್ಕೆ ಹಾರಿದವರು, ಕೆಸರಿಗೆ ತೂರಿದವರು, ಅಲ್ಲಾಡದೆ ಕೂತವರು ದಿಬ್ಬದಾಚೆಯ ಹೊಂಡಕ್ಕೆ ನಡೆಯಬೇಕು. ಹೀಗೇ ನಡೆದು ನಡೆದು, ಕೊಳದಲ್ಲಿ ಹುಟ್ಟುವ ಮರಿಗಳೆಲ್ಲ ಎಡಕ್ಕೇ ಹಾರತೊಡಗಿದವು.

ಕೊನೆಗೆ ವಟಪ್ಪನ ಮಗಳು ಚಿಮ್ಮಿಯ ಸರದಿ ಬಂತು. ಅವಳು ಮೆಚ್ಚಿದ ಮಚ್ಚಣ್ಣ, ವಟಪ್ಪ "ಹೋ!" ಎಂದೊಡನೆ ಬಲಕ್ಕೆ ಹಾರಿಬಿಟ್ಟ.

"ನಡಿ ಹೊಂಡಕ್ಕೆ!" ಎಂದ ವಟಪ್ಪ.

"ಅಪ್ಪಾ, ಬಲಗಡೆ ಇರೋದೂ ನೀರೇ ಅಲ್ವಾ?"

"ಬಾಯಿ ಮುಚ್ಚೇ! ಬೇಲಿ ಇದೆ, ಕಾವಲಿದೆ, ಕುಲ ಇದೆ. ಇನ್ನೇನು ಬೇಕು?"

ಬೇಲಿ ಕಾಲಿದ್ದವರನ್ನು ತಡೆದೀತು, ರೆಕ್ಕೆ ಇದ್ದವರನ್ನು ತಡೆದೀತೇ? ಒಂದು ದಿನ ಕೊಕ್ಕರೆಯಮ್ಮ ಬಂದಿಳಿದಳು. ಕಪ್ಪೆಗಳೆಲ್ಲ ಬೆದರಿ ಎಡಕ್ಕೇ ಹಾರುವುದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಮರುದಿನ ಬಲಗಡೆಗೆ ಒಂದು ಕಲ್ಲು ಎಸೆದು, ಎಡಗಡೆ ಬಾಯಿ ತೆರೆದು ನಿಂತಳು.

ಬುಳುಂಕ್! ಕಪ್ಪೆಗಳು ಹಾರಿದವು. ಸಾಲಾಗಿ, ನೇರವಾಗಿ, ಬಾಯಿಯೊಳಗೇ!

"ಆಹಾ, ಎಲೆ ಹಾಕುವ ಕೆಲಸವೂ ಇಲ್ಲ!" ಎಂದಳು ಕೊಕ್ಕರೆಯಮ್ಮ.

ಸಂಜೆಯ ಹಾಡಿಗೆ ಕಂಠಗಳು ಕಡಿಮೆಯಾದವು. ತನ್ನ ತಮ್ಮನೂ ಕೊಕ್ಕರೆಯ ಪಾಲಾದಾಗ ವಟಪ್ಪ ಗೊಳೋ ಎಂದು ಅತ್ತ. "ನಾಳೆ ಎಲ್ಲರೂ ಬಲಕ್ಕೆ ಹಾರಿ!" ಎಂದು ಅಪ್ಪಣೆ ಮಾಡಿದ. ಚಿಮ್ಮಿ ಮಾತ್ರ ದಿಬ್ಬ ಹತ್ತಿ ಹೊಂಡಕ್ಕೆ ಓಡಿದಳು.

ಮರುದಿನ ಮತ್ತೆ ಬುಳುಂಕ್! ವಟಪ್ಪನ ತಲೆ ಬಲಕ್ಕೆ ಎಂದಿತು, ಕಾಲು ಎಡಕ್ಕೆ ಹಾರಿತು. ಅವನ ಹಿಂಗಾಲು ಕೊಕ್ಕಿನಲ್ಲಿ ಸಿಕ್ಕಿತು!

ಅಷ್ಟರಲ್ಲಿ ಚಿಮ್ಮಿಯ ಹಿಂದೆ ಹೊಂಡದವರೆಲ್ಲ ಬಂದರು. ಮಚ್ಚಣ್ಣ ಬಲಕ್ಕೆ ಹಾರಿದ, ಒಬ್ಬ ಮೇಲಕ್ಕೆ ನೆಗೆದ, ಒಬ್ಬ ಕೆಸರಿಗೆ ತೂರಿದ, ಒಬ್ಬಳು ಕೊಕ್ಕರೆಯ ಬೆನ್ನನ್ನೇ ಏರಿ ಕೂತಳು. ಯಾರನ್ನು ಹಿಡಿಯಲಿ? ಕೊಕ್ಕರೆಯಮ್ಮ ಅತ್ತ ತಿರುಗಿ, ಇತ್ತ ತಿರುಗಿ, ತನ್ನ ಕಾಲು ತಾನೇ ಎಡವಿ "ಅಯ್ಯಯ್ಯೋ!" ಎಂದಳು. ಬಾಯಿ ತೆರೆಯಿತು. ವಟಪ್ಪ ಕೆಳಗೆ ಬಿದ್ದ.

"ಇಲ್ಲಿ ಊಟಕ್ಕಿಂತ ತಲೆಸುತ್ತೇ ಜಾಸ್ತಿ!" ಎನ್ನುತ್ತಾ ಕೊಕ್ಕರೆಯಮ್ಮ ಹಾರಿಹೋದಳು.

ವಟಪ್ಪ ಕುಂಟುತ್ತಾ ಬಂದು ಮಚ್ಚಣ್ಣನ ಕೈ ಹಿಡಿದ. "ತಪ್ಪಾಯ್ತು, ಚಿಮ್ಮಿಯನ್ನು ನಿನಗೇ ಕೊಡ್ತೀನಿ ಅಳಿಯಾ. ಹೊಂಡದವರೆಲ್ಲ ಇನ್ನು ಇಲ್ಲೇ ಇರಲಿ."

ಮುಂದಿನ ಮಳೆಗಾಲದಲ್ಲಿ ಅವನು ಮೊಮ್ಮಕ್ಕಳ ಹಿಂದೆ ನಿಂತು "ಹೋ!" ಎಂದ. ಅವು ದಿಕ್ಕಾಪಾಲಾಗಿ ಹಾರಿದವು. ಒಂದಂತೂ ಅಜ್ಜನ ತಲೆಯ ಮೇಲೇ ಬಂದು ಕೂತಿತು.

"ಭಲೇ! ಎಲ್ಲರೂ ಪಾಸು!" ಎಂದು ಅಜ್ಜ ಕುಣಿದ.

ನೀತಿ: ಬೇಲಿಯೊಂದೇ ಕಾಡನ್ನು ಕಾಯದು, ಬೇಲಿಯೊಳಗೆ ಬಗೆಬಗೆಯ ಜೀವಗಳಿದ್ದರೇ ಕುಲ ಉಳಿಯುತ್ತದೆ.