ಕೆಮ್ಮಜ್ಜನ ಗುಟ್ಟು

ಒಂದೂರಿನ ಹುಣಸೆಮರಕ್ಕೆ ನಡುಮಧ್ಯಾಹ್ನ ಕೊಡಲಿ ಏಟು ಬಿತ್ತಂತೆ. ಬೀಸಿದವನು ಬಡಗಿ ಮಾನಾಚಾರಿ. ಊರಿನ ಎಣ್ಣೆಗಾಣಕ್ಕೆ ಮರ ಬೇಕಿತ್ತು.

ಮರದಲ್ಲಿ ಮೂರು ದೆವ್ವ. ಮರ ಬಿದ್ದರೆ ಮೂರೂ ಬೀದಿಪಾಲು.

ಹಿರಿಯವನು ಕೆಮ್ಮಜ್ಜ. ಬರುತ್ತಿದ್ದದ್ದು ಒಂದೇ ವಿದ್ಯೆ, ಕಣ್ಣಿಗೆ ಕಾಣದೆ ಕೆಮ್ಮುವುದು. ಅದು ಲೋಕದಲ್ಲೇ ಇಲ್ಲದ ವಿದ್ಯೆ ಅಂದುಕೊಂಡು, ಎಲೆಯಲ್ಲಿ ಮುಖ ಹುದುಗಿಸಿ ಅಭ್ಯಾಸ ಮಾಡುತ್ತಿದ್ದನಂತೆ. ಕೇಳಿದರೆ, "ನಿಮಗ್ಯಾಕೆ?" ಮೆಟ್ಟವ್ವನಿಗೆ ಮೆಟ್ಟಿನ ಸದ್ದು ಮಾಡಲು ಬರುತ್ತಿತ್ತು, ಸೊಪ್ಪಣ್ಣನಿಗೆ ಹೊಗೆಸೊಪ್ಪಿನ ವಾಸನೆ ಎಬ್ಬಿಸಲು. ಅವರೂ ಯಾರಿಗೂ ಹೇಳಿಕೊಟ್ಟವರಲ್ಲ.

ಮೆಟ್ಟವ್ವ ಸರಬರ ಸದ್ದು ಮಾಡಿದಳು.

"ಥತ್, ಹೆಗ್ಗಣ," ಅಂದ ಮಾನಾಚಾರಿ.

ಸೊಪ್ಪಣ್ಣ ವಾಸನೆ ಎಬ್ಬಿಸಿದ.

"ಯಾರಪ್ಪಾ ಅದು? ನನಗೂ ಒಂದೆಲೆ ಕೊಡಿ."

ಕೆಮ್ಮಜ್ಜ ಗತ್ತಿನಿಂದ ಇಳಿದು ಕೆಮ್ಮಿದ.

"ನೆಗಡಿಯಾ? ಮೆಣಸಿನ ಕಷಾಯ ಕುಡೀರಿ," ಅಂದು ಮಾನಾಚಾರಿ ಇನ್ನೊಂದು ಏಟು ಹಾಕಿದನಂತೆ. ಉಳಿದದ್ದು ನಾಳೆಗೆ ಅಂತ ಮನೆಗೆ ಹೋದ.

"ಏನಜ್ಜ, ಇದನ್ನೇನಾ ಇಷ್ಟು ಕಾಲ ಮುಚ್ಚಿಟ್ಟದ್ದು?" ಅಂದಳು ಮೆಟ್ಟವ್ವ.

"ನಿನ್ನದನ್ನ ಹೆಗ್ಗಣ ಅಂದನಲ್ಲ," ಅಂದ ಅಜ್ಜ.

ಸೊಪ್ಪಣ್ಣ ನಕ್ಕ.

"ನಗಬೇಡ," ಅಂದ ಅಜ್ಜ. "ನಿನ್ನ ಹತ್ರ ಎಲೆ ಕೇಳಿದ."

ಏಟು ತಿಂದ ಮರ ಗಾಳಿಗೆ ಕಿರ್ ಅಂದಿತು. ಅಜ್ಜ ಬಾಯಿಬಿಟ್ಟನಂತೆ. "ಕಿವಿಯ ಹಿಂದೆ ನಿಂತು ಕೆಮ್ಮಬೇಕು. ಗಂಟಲಲ್ಲಲ್ಲ, ಎದೆಯಲ್ಲಿ. ಆದ್ರೆ ನಾನು ಬಂದದ್ದೇ ಯಾರಿಗೂ ಗೊತ್ತಾಗಲ್ಲ."

"ಬರೋದು ನನ್ನ ಕೆಲಸ ಅಲ್ವೇ? ದೂರದಿಂದ ಮೆಟ್ಟು ಎಳೆದುಕೊಂಡು ಬಂದು ತಟ್ಟನೆ ನಿಲ್ಲಬೇಕು," ಅಂದಳು ಮೆಟ್ಟವ್ವ.

"ನಿಂತ ಮೇಲೆ ವಾಸನೆಯನ್ನ ಕುತ್ತಿಗೆಗೆ ಊದಬೇಕು," ಅಂದ ಸೊಪ್ಪಣ್ಣ.

ಮರುದಿನ ಮಧ್ಯಾಹ್ನ ಮಾನಾಚಾರಿ ಕೊಡಲಿ ಎತ್ತಿದ. ಹಿಂದಿನಿಂದ ಮೆಟ್ಟು ಎಳೆಯುವ ಸದ್ದು ಬಂತು. ನಿಂತಿತು. ಕುತ್ತಿಗೆಗೆ ಹೊಗೆಸೊಪ್ಪಿನ ಉಸಿರು. ಆಮೇಲೆ ಒಂದೇ ಒಂದು ಕೆಮ್ಮು.

ಅವನ ಸತ್ತ ಅಪ್ಪ ಬದುಕಿದ್ದಾಗ ಹಾಗೇ ಬರುತ್ತಿದ್ದನಂತೆ. ಮಗನ ಉಳಿ ತಪ್ಪಿದರೆ ಬೈಯುತ್ತಿರಲಿಲ್ಲ, ಹಿಂದೆ ನಿಂತು ಕೆಮ್ಮುತ್ತಿದ್ದನಂತೆ.

"ತಪ್ಪಾಯ್ತು ಅಪ್ಪಯ್ಯ, ಈ ಮರ ಮುಟ್ಟಲ್ಲ!" ಮಾನಾಚಾರಿ ಕೊಡಲಿ ಬಿಟ್ಟು ಓಡಿದ.

ಕೆಮ್ಮಜ್ಜನೂ ಓಡಿದ. ತುತ್ತತುದಿಯ ಕೊಂಬೆ ತಬ್ಬಿಕೊಂಡು ಕೂಗಿದನಂತೆ, "ಹತ್ತಿ ಬನ್ರಪ್ಪಾ! ಕೆಳಗೆ ದೆವ್ವ ಬಂದಿದೆ!"

"ನಾವೇ ಕಣಜ್ಜ ಅದು."

"ಗೊತ್ತು," ಅಂದ ಅಜ್ಜ. ಇಳಿಯಲಿಲ್ಲ.

ಗಾಣಕ್ಕೆ ಬೇರೆ ಮರ ಬಂತು. ಮಾನಾಚಾರಿ ಅಮಾವಾಸ್ಯೆಗೊಮ್ಮೆ ಹುಣಸೆ ಬುಡದಲ್ಲಿ ಹೊಗೆಸೊಪ್ಪು ಇಟ್ಟು ಹೋಗುತ್ತಿದ್ದನಂತೆ. ಮೂವರೂ ಅದನ್ನು ಸುತ್ತಿ, ಹಂಚಿಕೊಂಡು ಸೇದುತ್ತಿದ್ದರು. ಅಜ್ಜನಿಗೆ ನಿಜವಾಗಿಯೂ ಕೆಮ್ಮು ಹಿಡಿಯಿತಂತೆ.

ಅವರು ಕೊಂಬೆಯಲ್ಲಿ, ನಾವು ಜಗಲಿಯಲ್ಲಿ.